ಕೆರೆ ದಂಡೆ ಸವರಿಸಿದ್ದು: ಫೆಬ್ರವರಿಯ ಮಿಷನ್ನು, ಮೇ ತಿಂಗಳ ಕುಡುಗೋಲು

ಕೆಲಸ ಮುಗಿದ ಮಾರನೇ ದಿನವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಅಷ್ಟು ಚಂದ ಕಾಣುತ್ತಿತ್ತು. ನಮ್ಮ ಮನೆಯವರು ಏರಿ ಮೇಲೆ ನಿಂತು ಫೋಟೋ ತೆಗೆದು ಬೆಂಗಳೂರಿನ ತಮ್ಮನಿಗೆಲ್ಲ ಕಳಿಸಿದ್ದೂ ಆಯಿತು. ನಾನು ಮಾತ್ರ ಇರಲಿ, ಒಂದು ಮಳೆಗಾಲ ಕಳೆಯಲಿ ಅಂತ ಸುಮ್ಮನಿದ್ದೆ. ಈಗ ನವರಾತ್ರಿಯೂ ಮುಗಿದಿದೆ, ಕೋಡಿ ನೀರು ಸಣ್ಣಗಾಗಿದೆ, ಇನ್ನು ಬರೆಯಬಹುದು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ. ಮನೆ ಹಿಂದೆ ಅಡಿಕೆ ತೋಟ, ತೋಟದ ತಲೆಗೆ ಕೆರೆ. ಕೆರೆ ಅಂದರೆ ದೊಡ್ಡದು ಅಂದುಕೊಳ್ಳಬೇಡಿ, ಎಂಟು ಗುಂಟೆ ಅಷ್ಟೆ. ಮೂರು ಕಡೆ ಧರೆ, ಒಂದು ಕಡೆ ಮಣ್ಣಿನ ಏರಿ, ಏರಿಯ ಮೂಲೆಯಲ್ಲಿ ಕೋಡಿ. ಹಗ್ಗ ಹಿಡಿದು ಅಳೆದರೆ ಸುತ್ತಳತೆ 370 ಅಡಿ ಬಂತು. ಬೇಸಿಗೆಯಲ್ಲಿ ತೋಟಕ್ಕೆ ಇದೇ ನೀರು. ಎರಡು ವರ್ಷ ಕೈ ಹಾಕಲಿಲ್ಲ. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಜನ ಸಿಗಲಿಲ್ಲ, ಇನ್ನೊಂದು ವರ್ಷ ಮಾವನವರ ಆಸ್ಪತ್ರೆ ಓಡಾಟ. ಮಲೆನಾಡಿನಲ್ಲಿ ಎರಡು ವರ್ಷ ಬಿಟ್ಟರೆ ಏನಾಗುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಏರಿ ಮೇಲೆ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಆಳೆತ್ತರ, ಅದರ ಮಧ್ಯೆ ನೇರಳೆ ಸಸಿಗಳು, ಕೆಳಗೆ ಬಂದರೆ ಕೆಸು, ಜರಿಗಿಡ, ಜೇಕು, ಅದರಿಂದಾಚೆ ನೀರಿನೊಳಗೆ ಎಂಟು ಹತ್ತು ಅಡಿ ಅಗಲಕ್ಕೆ ಜೊಂಡು. ಪಂಪಿನ ಫುಟ್‌ವಾಲ್ವ್ ಎಲ್ಲಿದೆ ಅಂತ ಕಾಣದೆ ಪೈಪಿನ ಗುಂಟ ಕೈಯಾಡಿಸಿಕೊಂಡು ಹೋಗಿ ಹುಡುಕಬೇಕಿತ್ತು.

ಮೊದಲು ಬಂದ ಸಲಹೆ ಜೆಸಿಬಿ. ಗಂಟೆಗೆ 1,200, ಐದು ಗಂಟೆಯಲ್ಲಿ ಎಲ್ಲ ಕೆರೆದು ಎತ್ತಿ ಹಾಕ್ತೀನಿ ಅಂದ ಆ ಡ್ರೈವರ್. ನಾನು ಬೇಡ ಅಂದೆ. ಹೂಳು ಎತ್ತುವುದಾದರೆ ಅದು ಬೇರೆ ಮಾತು. ಬರೀ ಗಿಡ ತೆಗೆಯೋಕೆ ಬಕೆಟ್ ಹಾಕಿದರೆ ಬೇರಿನ ಜೊತೆ ದಂಡೆಯ ಮಣ್ಣೂ ಬರುತ್ತೆ, ಆ ಬೇರೇ ಅಲ್ವಾ ದಂಡೆ ಹಿಡಿದುಕೊಂಡಿರೋದು. ಎರಡನೇ ಸಲಹೆ ಗೊಬ್ಬರದ ಅಂಗಡಿಯಲ್ಲಿ ಸಿಕ್ಕಿತು: ಕಳೆನಾಶಕ ಹೊಡೆದುಬಿಡಿ, ಹದಿನೈದು ದಿನದಲ್ಲಿ ಸುಟ್ಟು ಹೋಗುತ್ತೆ ಅಂತ. ಅಲ್ಲ ಮಾರಾಯ್ರೇ, ಆ ನೀರನ್ನು ಹಸು ಕುಡಿಯುತ್ತೆ, ಅದರಲ್ಲಿ ಮೀನಿದೆ. ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್‌ನವರು ಮಾತ್ರ ಬಳಸಬೇಕು ಅಂತ 2022ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಆದೇಶ ಮಾಡಿದೆ, ಅದು ಬೇರೆ. ಅಷ್ಟೂ ಜೊಂಡು ಒಟ್ಟಿಗೆ ಸತ್ತು ನೀರಲ್ಲೇ ಕೊಳೆತರೆ ಏನು ಗತಿ ಅಂತ ಯಾರೂ ಯೋಚನೆ ಮಾಡಲ್ಲ. ಹುಲ್ಲುಗೆಂಡೆ ಮೀನು ಬಿಡಿ ಅಂದವರೂ ಇದ್ದಾರೆ. ಹುಲ್ಲುಗೆಂಡೆ ನೀರೊಳಗಿನ ಎಳೆ ಹುಲ್ಲು ತಿನ್ನುತ್ತೆ, ನಿಜ. ಬಲಿತ ಜೊಂಡಿನ ತಂಟೆಗೆ ಅದು ಹೋಗಲ್ಲ.

ಕೊನೆಗೆ ಗೊತ್ತುಮಾಡಿದ್ದು ವೀಡ್ ಕಟರ್ ತಂಡ. ನಮ್ಮ ಕಡೆ ಈಗ ಇಂಥ ತಂಡಗಳು ಬೇಕಾದಷ್ಟಿವೆ, ತೋಟದ ಕಳೆ ಹೊಡೆಯುವವರೇ ಕರೆದರೆ ಕೆರೆಗೂ ಬರುತ್ತಾರೆ. ಹೆಸರು ಹಾಕಲ್ಲ, ಕೆಲವು ದೂರುಗಳಿವೆ, ಮತ್ತು ಅವು ಈ ಹುಡುಗರದ್ದು ಮಾತ್ರ ಅಲ್ಲ ಅಂತ ನೆಂಟರಿಷ್ಟರನ್ನು ಕೇಳಿದ ಮೇಲೆ ಗೊತ್ತಾಯಿತು. ಇಬ್ಬರು ಮಿಷನ್ನಿನವರು, ಸವರಿದ್ದನ್ನು ಎಳೆದು ಹಾಕೋಕೆ ಒಬ್ಬರು ವಯಸ್ಸಾದವರು. ಮಿಷನ್ ಸಮೇತ ಆಳಿಗೆ ದಿನಕ್ಕೆ 1,500, ಅಜ್ಜನಿಗೆ 800, ಪೆಟ್ರೋಲ್ ನಮ್ಮದು, ಮಧ್ಯಾಹ್ನದ ಊಟ ನಮ್ಮದು. ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮೇಲೆ ಬರ್ತೀವಿ ಅಂದವರು ಫೆಬ್ರವರಿ ಎರಡನೇ ವಾರಕ್ಕೆ ಬಂದರು. ಅದಕ್ಕೆ ಬೇಜಾರಿಲ್ಲ. ಅಡಿಕೆ ಸುಲಿಯುವ ಸಮಯ, ಯಾರೂ ಯಾರಿಗೂ ಸಿಗಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬಂದು ಬೈಕಿನಿಂದ ಮಿಷನ್ ಇಳಿಸಿದರು, ಆದರೆ ತಕ್ಷಣ ಸ್ಟಾರ್ಟ್ ಮಾಡಲಿಲ್ಲ. ಮುಖ್ಯಸ್ಥ ಹುಡುಗ ಬ್ಯಾಗಿನಿಂದ ಸಣ್ಣ ಬಾಟಲಿ ತೆಗೆದು ಕಾಲಿಗೆ, ಪಾದದಿಂದ ಮಂಡಿವರೆಗೆ, ಆಮೇಲೆ ಕುತ್ತಿಗೆಗೆ, ಮೊಣಕೈಗೆ ಎಣ್ಣೆ ಸವರಿಕೊಂಡ. ಸಾಕ್ಸ್ ಒಳಗೆ ಪ್ಯಾಂಟ್ ತುರುಕಿ ಗಮ್‌ಬೂಟ್ ಹಾಕಿದ. ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳೋಕೆ ಆಶಾ ಕಾರ್ಯಕರ್ತೆಯರು ಹಂಚುವ ಡೆಪಾ ಎಣ್ಣೆ ಅದು. ಉಳಿದಿಬ್ಬರಿಗೂ ಹಚ್ಚಿಸಿದ, ಬೇಡ ಅಂದ ಅಜ್ಜನಿಗೆ ತಾನೇ ಕೂತು ಹಚ್ಚಿದ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆ ಬಿಟ್ಟು ಹೋಗಿಲ್ಲ. ಬೇಸಿಗೆ ಶುರುವಾಗುವ ಈ ತಿಂಗಳುಗಳಲ್ಲೇ ಅದನ್ನು ಹರಡುವ ಉಣುಗು ಜಾಸ್ತಿ, ಲಂಟಾನದ ಪೊದೆಗೆ ನುಗ್ಗುವವರಿಗೆ ಅದು ಸುಮ್ನೆ ಹೇಳುವ ಮಾತಲ್ಲ. ಕೆಲಸ ಮುಗಿದ ಮೇಲೆ ಬಿಸಿನೀರು ಕೇಳಿ, ಸ್ನಾನ ಮಾಡಿ, ಬಟ್ಟೆ ಬದಲಿಸಿಕೊಂಡೇ ಹೊರಟರು. ನೀವು ಯಾರನ್ನೇ ಕರೆಯಿರಿ, ಎಣ್ಣೆ ಹಚ್ಚದೆ ಚಪ್ಪಲಿಯಲ್ಲಿ ಇಳಿಯುವ ತಂಡ ಬಂದರೆ ಒಂದು ಲೋಟ ಕಾಫಿ ಕೊಟ್ಟು ವಾಪಸ್ ಕಳಿಸಿ.

ಇನ್ನೊಂದು ಮೆಚ್ಚಿದ್ದು, ಮಿಷನ್ ಹಾಕುವ ಮೊದಲು ಉದ್ದ ಕೋಲಿನಿಂದ ಪೊದೆ ಬಡಿದುಕೊಂಡು ಒಂದು ಸುತ್ತು ಬಂದಿದ್ದು. ಎರಡು ನೀರೊಳ್ಳೆ, ಒಂದು ಕೇರೆ ಹೊರಟವು. ಅವು ಹೋಗುವವರೆಗೆ ಕಾದರು, ಯಾರೂ ಕಲ್ಲು ತಗೊಳ್ಳಲಿಲ್ಲ.

ಏರಿ ಮೇಲಿನ ಕೆಲಸಕ್ಕೆ ಹೆಸರಿಡುವಂತಿಲ್ಲ, ಒಂದು ಕಡೆ ಬಿಟ್ಟು. ಲಂಟಾನಕ್ಕೆ ಮೂರು ಹಲ್ಲಿನ ಬ್ಲೇಡ್, ನೇರಳೆ ಸಸಿಗೆ ಗರಗಸದಂಥ ದುಂಡು ಬ್ಲೇಡ್, ಹುಲ್ಲಿಗೆ ನೈಲಾನ್ ದಾರ, ಹೀಗೆ ಬದಲಿಸಿ ಬದಲಿಸಿ ಹೊಡೆದರು. ಏರಿ ಮೇಲೆ ಮರ ಬೆಳೆಯಲು ಬಿಡಬಾರದು ಅನ್ನುವುದು ಅವರಿಗೂ ಗೊತ್ತಿತ್ತು. ಮರ ದೊಡ್ಡದಾಗಿ ಆಮೇಲೆ ಯಾವತ್ತೋ ಸತ್ತರೆ, ಬೇರು ಕೊಳೆತ ಜಾಗವೇ ನೀರಿಗೆ ಕೊಳವೆ. ಸಸಿ ಇರುವಾಗಲೇ ಬುಡಕ್ಕೆ ಕತ್ತರಿಸಬೇಕು, ಕಿತ್ತು ಗುಂಡಿ ಮಾಡಬಾರದು. ಹಾಗೇ ಮಾಡಿದರು. ಪೊದೆ ಹೋದ ಮೇಲೆ ಏರಿಯ ಹೊರಮೈಯಲ್ಲಿ ಏಳೆಂಟು ಏಡಿ ಬಿಲ ಕಂಡವು, ಅದರಲ್ಲಿ ಒಂದರ ಬಾಯಲ್ಲಿ ಮಣ್ಣು ಒದ್ದೆ. ತೋಟದ ಮೇಲಿನ ಸಾಲಿನಲ್ಲಿ ಫೆಬ್ರವರಿಯಲ್ಲೂ ಯಾಕೆ ಕೆಸರು ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆವು. ಉತ್ತರ ಆ ಲಂಟಾನದ ಹಿಂದೆ ಕೂತಿತ್ತು. ಜೇಡಿಮಣ್ಣು ಕಲಸಿ ಬಡಿದು ಮುಚ್ಚಿದ್ದಾಯಿತು. ಈ ಒಂದಕ್ಕೇ ಕೊಟ್ಟ ದುಡ್ಡು ಹುಟ್ಟಿತು ಅಂತ ನನ್ನ ಲೆಕ್ಕ.

ಈಗ ದೂರು.

ಮಿಷನ್ನಿನ ಹುಡುಗರಿಗೆ ನೆಲ ಗೊತ್ತು, ನೀರು ಗೊತ್ತಿಲ್ಲ. ಎರಡನೇ ದಿನ ಬೆಳಿಗ್ಗೆ ಜೊಂಡಿಗೆ ಇಳಿದರು. ನಿಂತಲ್ಲಿಂದ ಎಷ್ಟು ಕೈ ಹೋಗುತ್ತೋ ಅಷ್ಟನ್ನು, ನೀರಿನಿಂದ ಒಂದು ಮೊಳ ಮೇಲಕ್ಕೆ, ಬೀಸಿ ಹೊಡೆದರು. ಬ್ಲೇಡ್ ನೀರಿಗೆ ತಾಗಿಸುವ ಹಾಗಿಲ್ಲ, ತಾಗಿದರೆ ಕೆಸರು ಮುಖಕ್ಕೆ. ಕತ್ತರಿಸಿದ ಜೊಂಡು ಎಲ್ಲಿ ಬಿತ್ತು? ಕೆರೆಗೆ. ಅಜ್ಜ ಒಬ್ಬರೇ ದೋಟಿಗೆ ಕೊಕ್ಕೆ ಕಟ್ಟಿ ಎಳೆಯುತ್ತಿದ್ದರು, ಇಬ್ಬರು ಹೊಡೆಯುವ ವೇಗಕ್ಕೆ ಒಬ್ಬರು ಎಳೆದು ಮುಗಿಯುತ್ತಾ? ಮಧ್ಯಾಹ್ನಕ್ಕೆ ದಂಡೆ ಬೋಳು, ನೀರಿನ ಮೇಲೆ ಹಸಿರು ಚಾಪೆ. "ಅಕ್ಕ, ಅದು ಒಣಗಿ ಕೆಳಗೆ ಹೋಗುತ್ತೆ, ಏನೂ ಆಗಲ್ಲ" ಅಂದ ಹುಡುಗ. ದುಡ್ಡು ತಗೊಂಡು ಹೋದರು.

ಕೆಳಗೆ ಹೋಯಿತು, ಹೌದು. ನಾಲ್ಕನೇ ದಿನಕ್ಕೆ ನೀರು ಕಾಫಿ ಬಣ್ಣ, ವಾಸನೆ. ಆರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಕಾಟ್ಲ, ರೋಹು ಎಲ್ಲ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕೊಳೆಯುವ ಹುಲ್ಲು ನೀರಿನ ಆಮ್ಲಜನಕ ತಿಂದುಬಿಡುತ್ತೆ, ಬೆಳಗಿನ ಜಾವ ಅದು ಎಲ್ಲಕ್ಕಿಂತ ಕಡಿಮೆ ಇರುತ್ತೆ. ಪಂಪ್ ಹಾಕಿ, ಪೈಪಿನ ಬಾಯಿ ಮೇಲಕ್ಕೆ ಮಾಡಿ, ನೀರನ್ನು ಕೆರೆಗೇ ವಾಪಸ್ ಚಿಮ್ಮಿಸಿದೆವು. ಮನೆಯವರೂ ನಾನೂ ಮೂರು ದಿನ ಕೊಕ್ಕೆ ಹಿಡಿದು ಕೊಳೆತದ್ದನ್ನು ಎಳೆದೆವು. ಒಣಗಿದ ಜೊಂಡು ಕೈಯಲ್ಲಿ ಹಗುರ, ನೀರು ಕುಡಿದ ಜೊಂಡು ಒದ್ದೆ ಕಂಬಳಿಯ ಹಾಗೆ. ಹನ್ನೊಂದು ಮೀನು ಸತ್ತವು. ಎಣಿಸಿದ್ದು ಅತ್ತೆ, ನನಗೆ ಎಣಿಸುವ ಮನಸ್ಸಿರಲಿಲ್ಲ.

ಅತ್ತೆಯ ದೂರು ಬೇರೆ. ಕೆರೆಯ ಮೂಡಣ ಮೂಲೆಯಲ್ಲಿ ನೀರು ಜಿನುಗುವ ಕಡೆ ಒಂದೆಲಗ ಹಬ್ಬಿತ್ತು. ಅಲ್ಲಿಂದ ದಿನಾ ಒಂದು ಹಿಡಿ ತಂದು ತಂಬುಳಿ ಮಾಡುವುದು ಅವರ ಅಭ್ಯಾಸ. ಮೊದಲ ದಿನವೇ ಹುಡುಗರಿಗೆ ತೋರಿಸಿ, ಇಲ್ಲಿ ಮಿಷನ್ ಬೇಡ ಅಂದಿದ್ದರು. "ಆಯ್ತು ಅಮ್ಮ" ಅಂದವನೇ ಎರಡನೇ ದಿನ ಅಲ್ಲಿ ನೈಲಾನ್ ದಾರ ಬಿಟ್ಟ. ನೆಲಕ್ಕೆ ಅಂಟಿಕೊಂಡ ಗಿಡ ಅದು, ಬಳ್ಳಿ ಉಳಿದಿತ್ತು, ಜೂನ್‌ನಲ್ಲಿ ಮತ್ತೆ ಚಿಗುರಿತು. ಅತ್ತೆಯ ಸಿಟ್ಟು ಇನ್ನೂ ಇಳಿದಿಲ್ಲ.

ಆ ನೈಲಾನ್ ದಾರದ ಬಗ್ಗೆ ಒಂದು ಮಾತು. ಏರಿ ಹುಲ್ಲು ಚೆನ್ನಾಗಿದೆ ಅಂತ ಕೊಟ್ಟಿಗೆಗೆ ಹಾಕಿದೆವು. ಸಂಜೆ ಹಾಲು ಕರೆಯುವಾಗ ನೋಡಿದರೆ ಹಸುವಿನ ಮುಂದಿನ ಹುಲ್ಲಿನಲ್ಲಿ ಕೆಂಪು ಕೆಂಪಾಗಿ ಏನೋ. ಬೆರಳುದ್ದದ ದಾರದ ತುಂಡುಗಳು. ಕಲ್ಲಿಗೆ ತಾಗಿ ತುಂಡಾದದ್ದು. ಒಂದು ಬುಟ್ಟಿಯಲ್ಲಿ ಹದಿನಾಲ್ಕು ಆರಿಸಿದೆ. ಅಷ್ಟೂ ಹುಲ್ಲು ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ, ಹಸುವಿಗೂ ಇಲ್ಲ. ಇದು ಮಿಷನ್ನಿನ ತಪ್ಪಲ್ಲ, ಕಲ್ಲಿರುವ ದಂಡೆಯಲ್ಲಿ ದಾರ ಹಾಕಿದ್ದು ತಪ್ಪು. ಮೇವಿಗೆ ಬೇಕು ಅಂದರೆ ಮೊದಲೇ ಹೇಳಿ ಬ್ಲೇಡ್ ಹಾಕಿಸಿ. ಹಾಗೇ, ಅವರ ಮಿಷನ್ ಎರಡು ಸ್ಟ್ರೋಕಿನದು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಆ ಬೆರೆಸುವ ಕೆಲಸವನ್ನು ಕೆರೆಯ ಬಾಯಲ್ಲೇ ಕೂತು ಮಾಡುತ್ತಿದ್ದರು, ನೀರಿನ ಮೇಲೆ ಎಣ್ಣೆಯ ಬಣ್ಣ ಕಂಡಾಗ ಗದರಿಸಿ ಅಂಗಳಕ್ಕೆ ಕಳಿಸಿದೆ. ತಕ್ಷಣ ಹೋದರು, ಎದುರು ಮಾತಾಡಲಿಲ್ಲ.

ಏರಿ ಕೆಲಸದಲ್ಲಿ ಒಂದು ಕಡೆ ಬಿಟ್ಟು ಅಂದಿದ್ದೆನಲ್ಲ, ಈಗ ಆ ಕಡೆಯ ವಿಷಯ. ಕೋಡಿ ಪಕ್ಕದಲ್ಲಿ ಇಪ್ಪತ್ತು ಅಡಿ ಉದ್ದಕ್ಕೆ ಹುಲ್ಲನ್ನು ಮಣ್ಣು ಕಾಣುವ ಹಾಗೆ ಹೆರೆದುಬಿಟ್ಟಿದ್ದರು. ನೋಡೋಕೆ ಚೊಕ್ಕಟ. ನಾಲ್ಕು ಬೆರಳು ಹುಲ್ಲು ಬಿಡಬೇಕಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜುಲೈ ಮಳೆ ಮಳೆಯೇ. ಲಾವಂಚದ ಬುಡ ತಂದು ಎರಡು ಸಾಲು ನೆಟ್ಟಿದ್ದಕ್ಕೆ ಉಳಿಯಿತು, ಆದರೂ ಒಂದು ಗಾಡಿ ಮಣ್ಣು ತೋಟಕ್ಕೆ ಇಳಿದಿದೆ.

ಇನ್ನು ಅಜ್ಜನ ವಿಷಯ. ಹುಡುಗರು ಜೊಂಡು ಹೊಡೆಯುತ್ತಿದ್ದಾಗ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದರು: "ಅಮ್ಮ, ಈಗ ಕೊಯ್ದರೆ ಎಂತ ಪ್ರಯೋಜನ? ಇದು ಮತ್ತೆ ಬರುತ್ತೆ. ಮೇ ತಿಂಗಳಲ್ಲಿ ನೀರು ಇಳಿದ ಮೇಲೆ ಬುಡಕ್ಕೆ ಕೊಯ್ಯಬೇಕು, ಮೇಲೆ ಮಳೆ ನೀರು ನಿಲ್ಲಬೇಕು." ನಾನು ಆಗ ತಲೆಗೆ ಹಾಕಿಕೊಳ್ಳಲಿಲ್ಲ. ಏಪ್ರಿಲ್ ಕೊನೆಗೆ ಜೊಂಡು ಎದೆಮಟ್ಟ ನಿಂತಿತ್ತು. ಮಿಷನ್ ತಾಗೇ ಇಲ್ಲವೇನೋ ಅನ್ನುವ ಹಾಗೆ.

ಮೇ ಮೂರನೇ ವಾರ ಅವರೊಬ್ಬರನ್ನೇ ಕರೆಸಿದೆ. ದಿನಕ್ಕೆ 900, ಎರಡು ದಿನ. ಕೆರೆ ನೀರು ತೋಟಕ್ಕೆ ಹೋಗಿ ಹೋಗಿ ದಂಡೆಯಿಂದ ಎಂಟು ಹತ್ತು ಅಡಿ ಹಿಂದೆ ಸರಿದಿತ್ತು, ಜೊಂಡಿನ ಬುಡ ಕೆಸರಲ್ಲಿ ಕಾಣುತ್ತಿತ್ತು. ಅಜ್ಜ ಅಡಿಕೆ ಹಾಳೆ ಎರಡನ್ನು ಕೆಸರ ಮೇಲೆ ಹಾಸಿ ಅದರ ಮೇಲೆ ಮಂಡಿಯೂರಿ ಕೂತರು. ಎಡಗೈಯಲ್ಲಿ ಒಂದು ಹಿಡಿ ಜೊಂಡು, ಬಲಗೈಯ ಕುಡುಗೋಲು ಕೆಸರಿಗೆ ಒಂದಂಗುಲ ಇಳಿದು ತಮ್ಮ ಕಡೆ ಎಳೆದರೆ ಕರ್ ಅಂತ ಒಂದೇ ಸದ್ದು. ಕೊಯ್ದ ಹಿಡಿಯನ್ನು ಹಿಂದಕ್ಕೆ, ದಂಡೆಯ ಮೇಲಕ್ಕೇ ಎಸೆಯುತ್ತಿದ್ದರು, ನೀರಿಗೆ ಒಂದು ಎಳೆ ಬೀಳಲಿಲ್ಲ. ಹಾಳೆ ಸರಿಸುವುದು, ಮಂಡಿಯೂರುವುದು, ಮತ್ತೆ ಕರ್. ಕತ್ತರಿಸಿದ ತುಂಡು ಒಂದನ್ನು ಅಡ್ಡ ಸೀಳಿ ತೋರಿಸಿದರು. ಒಳಗೆಲ್ಲ ಜೇನುಗೂಡಿನ ಹಾಗೆ ಟೊಳ್ಳು ಟೊಳ್ಳು. ಆ ಟೊಳ್ಳಿನಿಂದಲೇ ಕೆಸರಿನ ಗಡ್ಡೆಗೆ ಗಾಳಿ ಹೋಗುವುದು. ಕೊಳವೆಯ ಬಾಯಿ ನೀರಿನ ಮೇಲಿದ್ದರೆ ಗಡ್ಡೆ ಉಸಿರಾಡುತ್ತೆ, ಚಿಗುರುತ್ತೆ. ಬಾಯಿ ಮುಳುಗಿದರೆ ಉಸಿರು ಕಟ್ಟಿ ಕೊಳೆಯುತ್ತೆ. ಫೆಬ್ರವರಿಯಲ್ಲಿ ಹುಡುಗರು ಒಂದು ಮೊಳ ಬಿಟ್ಟು ಹೊಡೆದದ್ದು, ಪೂರ್ತಿ ಹೊಡೆಯದೆ ಇದ್ದದ್ದು, ಎರಡೂ ಒಂದೇ ಆಗಿದ್ದು ಇದಕ್ಕೇ.

ನೀರು ಒಳಗೆ ಬರುವ ಕಡೆ ಹದಿನೈದು ಅಡಿ ಜೊಂಡನ್ನು ಅಜ್ಜ ಮುಟ್ಟಲಿಲ್ಲ. ಮೇಲಿನ ಹಕ್ಕಲಿನಿಂದ ಬರುವ ಮಣ್ಣು ಅಲ್ಲೇ ತಡೆದು ನಿಲ್ಲಲಿ ಅಂತ. "ಹುಂಡುಕೋಳಿಗೂ ಒಂದು ಮನೆ ಬೇಕಲ್ಲ" ಅಂದು ಎಲೆ ಅಡಿಕೆ ಹಾಕಿಕೊಂಡರು. ಜುಲೈನಲ್ಲಿ ಅಲ್ಲಿಂದ ಕಪ್ಪು ಹತ್ತಿಯುಂಡೆಯಂಥ ನಾಲ್ಕು ಮರಿ ಹೊರಟಿದ್ದನ್ನು ಅಡುಗೆ ಮನೆ ಕಿಟಕಿಯಿಂದ ನೋಡಿದೆ.

ಮೇ ಕೊನೆಗೆ ಎರಡು ಅಡ್ಡಮಳೆ, ಜೂನ್‌ನಲ್ಲಿ ಮುಂಗಾರು, ಜುಲೈ ಮೊದಲ ವಾರಕ್ಕೆ ಕೆರೆ ತುಂಬಿತು. ಅಜ್ಜ ಕೊಯ್ದ ಕಡೆ ಇವತ್ತಿಗೆ ಅಲ್ಲೊಂದು ಇಲ್ಲೊಂದು ಜೊಂಡು, ಕೈಯಲ್ಲೇ ಕೀಳಬಹುದು. ಪಡುವಣ ಬದಿಯಲ್ಲಿ ಆಳ ಜಾಸ್ತಿ, ಅಲ್ಲಿ ಮೇ ತಿಂಗಳಲ್ಲೂ ನೀರಿತ್ತು, ಅವರಿಗೆ ಇಳಿಯೋಕೆ ಆಗಲಿಲ್ಲ. ಅಲ್ಲಿ ಮಿಷನ್ ಹೊಡೆದದ್ದು ಮಾತ್ರ. ಆ ಬದಿ ಹೋದ ವರ್ಷದ ಹಾಗೇ ಇದೆ, ಒಂದು ಕಡ್ಡಿ ಕಡಿಮೆಯಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಹುಡುಗರಿಗೆ ಒಂದೂವರೆ ದಿನಕ್ಕೆ ಅಜ್ಜನೂ ಸೇರಿ 5,700, ಪೆಟ್ರೋಲ್ ಹನ್ನೊಂದು ಲೀಟರ್ ಮತ್ತು ಆಯಿಲ್, ಮೇ ತಿಂಗಳಲ್ಲಿ ಅಜ್ಜನಿಗೆ 1,800. ಹನ್ನೊಂದು ಮೀನು ಮತ್ತು ನಮ್ಮ ಮೂರು ದಿನದ ಸೊಂಟನೋವು ಇದರಲ್ಲಿ ಸೇರಿಲ್ಲ. ಎಳೆದು ಹಾಕಿದ ಜೊಂಡು ಮಾತ್ರ ದಂಡವಾಗಲಿಲ್ಲ, ಒಣಗಿಸಿ ಅಡಿಕೆ ಬುಡಕ್ಕೆ ಮುಚ್ಚಿದೆವು. ಲಂಟಾನವನ್ನು ಅಲ್ಲೇ ಸುಡೋಣ ಅಂದ ಹುಡುಗರಿಗೆ ಬೇಡ ಅಂದೆ, ಫೆಬ್ರವರಿಯ ಒಣ ಬ್ಯಾಣಕ್ಕೆ ಕಿಡಿ ಹಾರಿದರೆ ಯಾರು ಜವಾಬ್ದಾರಿ?

ತಂಡಕ್ಕೆ ಮೂರು ಸ್ಟಾರ್. ಏರಿಗೆ, ಧರೆಗೆ, ಕಾಲುದಾರಿಗೆ ಕಣ್ಣು ಮುಚ್ಚಿ ಕರೆಯಬಹುದು, ಹುಡುಗರು ಮರ್ಯಾದಸ್ಥರು, ಬೆಳಿಗ್ಗೆ ಹೇಳಿದ ಟೈಮಿಗೆ ಬರುತ್ತಾರೆ, ಸುಳ್ಳು ಲೆಕ್ಕ ಇಲ್ಲ, ಉಳಿದ ಅರ್ಧ ಲೀಟರ್ ಪೆಟ್ರೋಲ್ ಕ್ಯಾನಿನಲ್ಲೇ ಬಿಟ್ಟು ಹೋಗಿದ್ದರು. ನೀರಿನ ಅಂಚಿಗೆ ಮಾತ್ರ ಇಳಿಸಬೇಡಿ. ಇಳಿಸಿದರೂ ಒಬ್ಬರು ಹೊಡೆಯುವುದಕ್ಕೆ ಇಬ್ಬರು ಎಳೆಯುವವರನ್ನು ಇಟ್ಟುಕೊಳ್ಳಿ, ಎಳೆದು ಮುಗಿಯುವವರೆಗೆ ದುಡ್ಡು ಕೊಡಬೇಡಿ.

ಅಜ್ಜನಿಗೆ ಸ್ಟಾರ್ ಕೊಡೋಕೆ ಅವರ ಹತ್ತಿರ ಫೋನೇ ಇಲ್ಲ, ಊರಿನ ಅಂಗಡಿಯಲ್ಲಿ ಹೇಳಿ ಕಳಿಸಬೇಕು. ಹೋದ ವಾರ ಹೇಳಿ ಕಳಿಸಿದೆ. ಬರುವ ಮೇ ತಿಂಗಳಲ್ಲಿ ಪಡುವಣ ಬದಿಗೆ ಬರುತ್ತಾರಂತೆ, ಆದರೆ ಎರಡು ದಿನ ಮೊದಲು ಪಂಪ್ ಜಾಸ್ತಿ ಹೊತ್ತು ಓಡಿಸಿ ನೀರು ಇನ್ನೂ ಒಂದಡಿ ಇಳಿಸಿಟ್ಟಿರಬೇಕಂತೆ, ಹಾಳೆ ನಾಲ್ಕು ಎತ್ತಿಟ್ಟಿರಬೇಕಂತೆ. ಹಾಳೆ ಎತ್ತಿಟ್ಟಾಗಿದೆ.